ತಟ್ಟುಕುದುರೆಯ ಮಿತಾಹಾರ



ರಾಯಚೂರಿಗೆ ಉತ್ತರದಲ್ಲಿ, ಶಕ್ತಿನಗರಕ್ಕೆ ಅನತಿದೂರದಲ್ಲಿ, ಭೀಮಾನದಿಯು ಕೃಷ್ಣೆಯನ್ನು ಕೂಡುತ್ತದೆ. ಈ ಭೀಮೆಯ ಮೇಲಣ ಸೀಮೆಯಿಂದಲೇ ಭೀಮಥಡಿ ಎಂಬ ದಖ್ಖಣದ ತಟ್ಟುಕುದುರೆಗೆ ಹೆಸರು ಬಂದಿತು. ಹಿಂದೆ ಮರಾಠರ ದಂಡಿನಲ್ಲಿ ಓಡಿದ ಈ ತಳಿಯು ಇಂದು ಕುರಿಗಾಹಿಗಳ ಸಾಮಾನನ್ನು ಹೊತ್ತು ಮಂದೆಯೊಡನೆ ಊರೂರು ನಡೆಯುತ್ತದೆ.

ಮಳೆ ಕಡಮೆಯಾದ ನಾಡಿನಲ್ಲಿ ಒರಟು ಹುಲ್ಲನ್ನು ತಿಂದು ಬದುಕುವುದೇ ನಾಟಿ ತಟ್ಟುವಿನ ಹಿರಿಮೆ. ಸಿಕ್ಕಿದ ತುತ್ತಿನಲ್ಲಿ ಮಿಗಿಸಿ ಮೈಯಲ್ಲಿ ಕೊಬ್ಬಾಗಿ ಕೂಡಿಟ್ಟುಕೊಳ್ಳುವ ಜಿಪುಣತನ ಅದರ ರಕ್ತದಲ್ಲಿದೆ. ಬರಗಾಲದಲ್ಲಿ ಕಾಯುವ ಈ ಗುಣವೇ ಸುಭಿಕ್ಷದಲ್ಲಿ ಶತ್ರುವಾಗುವುದುಂಟು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಬಳಿಕ ಅದರ ಎಡದಂಡೆಯ ಕಾಲುವೆಯು ಮಾನ್ವಿಯ ಕಡೆಗೂ ನೀರು ತಂದಿತು. ಅಂತಹ ಕಾಲುವೆಯ ಬದಿಯ ಹಸುರಿನಲ್ಲಿ, ಕೆಲಸವಿಲ್ಲದ ತಟ್ಟುವೊಂದನ್ನು ದಿನವೆಲ್ಲ ಬಿಟ್ಟಿದ್ದೀರೆಂದು ಭಾವಿಸಿರಿ. ಅದರ ಮೈ ತುಂಬಿದುದನ್ನು ಕಂಡು ಒಡೆಯನು ಹಿಗ್ಗುವನು. ಆದರೆ ಕೇಡು ಆಗಲೇ ಮೊದಲಾಗಿರಬಹುದು.

ಅದು ಹೇಗೆ? ಹಸುರುಹುಲ್ಲಿನಲ್ಲಿ ಸಕ್ಕರೆಯಿದೆ. ಅದು ರಕ್ತವನ್ನು ಸೇರಿದೊಡನೆ ಇನ್ಸುಲಿನ್ ಎಂಬ ರಸವು ಹೊರಡುತ್ತದೆ. ಕೆಲವು ತಟ್ಟುಗಳಲ್ಲಿ, ಅದರಲ್ಲಿಯೂ ಕೊಬ್ಬಿದವುಗಳಲ್ಲಿ, ಇದು ಮಿತಿಮೀರುತ್ತದೆ. 2007ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಆರೋಗ್ಯವಾಗಿದ್ದ ತಟ್ಟುಗಳ ರಕ್ತದಲ್ಲಿ ಇನ್ಸುಲಿನ್ನನ್ನು ಏರಿಸಿಟ್ಟು ನೋಡಿದರು. ಮೂರು ದಿನಗಳೊಳಗೆ ಅವುಗಳಿಗೆ ಲ್ಯಾಮಿನೈಟಿಸ್ ಎಂಬ ಗೊರಸಿನ ಬೇನೆ ತಗುಲಿತು. ಗೊರಸನ್ನೂ ಒಳಗಣ ಎಲುಬನ್ನೂ ಬೆಸೆದಿರುವ ಪದರಗಳು ಇದರಲ್ಲಿ ಸಡಿಲುತ್ತವೆ. ಬೇನೆ ಬಲಿತರೆ ಪ್ರಾಣಿಯು ನಿಲ್ಲಲಾರದು.

ಆದುದರಿಂದ ಕಣ್ಣಂದಾಜನ್ನು ನಂಬದೆ ಕೈಯಿಂದ ಮುಟ್ಟಿ ನೋಡತಕ್ಕದ್ದು. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಬೆರಳಿಗೆ ಸುಲಭವಾಗಿ ಸಿಕ್ಕಿದರೆ ಮೈ ಹದವಾಗಿದೆ. ಕತ್ತಿನ ಮೇಲ್ಭಾಗದಲ್ಲಿ ಗಟ್ಟಿಯಾದ ಕೊಬ್ಬಿನ ದಿಂಡು, ಗೊರಸಿನಲ್ಲಿ ಬಿಸಿ, ಕಲ್ಲುನೆಲದ ಮೇಲೆ ಅಳುಕಿದ ಹೆಜ್ಜೆ, ಇವು ಎಚ್ಚರಿಕೆಯ ಗುರುತುಗಳು. ಕಂಡೊಡನೆ ಪಶುವೈದ್ಯರನ್ನು ಕರೆಯಿಸಬೇಕು.

ಹುಲ್ಲಿನ ಸಕ್ಕರೆಯು ಬಿಸಿಲೇರಿದಂತೆ ಏರಿ ಇರುಳಿನಲ್ಲಿ ಇಳಿಯುತ್ತದೆ. ಮೇಯಿಸುವುದಾದರೆ ನಸುಕಿನಲ್ಲಿ ಸ್ವಲ್ಪ ಹೊತ್ತು ಮೇಯಿಸಿ, ಉಳಿದ ಹೊತ್ತು ಒಣಹುಲ್ಲನ್ನು ತೂಗಿ ಹಾಕಿರಿ. ಹುಲ್ಲನ್ನು ನೀರಿನಲ್ಲಿ ನೆನೆಯಿಸಿ ಆ ನೀರನ್ನು ಚೆಲ್ಲಿದರೆ ಸಕ್ಕರೆ ಇನ್ನಷ್ಟು ತಗ್ಗುವುದು. ಮೈ ಇಳಿಸಬೇಕಾದ ತಟ್ಟುವಿಗೆ ದಿನಕ್ಕೆ ಮೈತೂಕದ ನೂರರಲ್ಲಿ ಒಂದೂವರೆ ಪಾಲು, ಎಂದರೆ 200 ಕಿಲೋ ತೂಗುವುದಕ್ಕೆ ಸುಮಾರು 3 ಕಿಲೋ ಒಣಮೇವು, ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ. ಸುಮ್ಮನೆ ನಿಂತ ತಟ್ಟುವಿಗೆ ಹುರುಳಿ, ಬೂಸಾ, ಬೆಲ್ಲ ಬೇಡ. ಗೊರಸು ನೋಯದಿದ್ದರೆ ನಿತ್ಯ ನಡೆಯಿಸಿರಿ.

ಆದರೆ ಉಪವಾಸ ಕೆಡವಬಾರದು. ಮೇವನ್ನು ಒಮ್ಮೆಗೇ ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಹರಿದು ಪ್ರಾಣಕ್ಕೇ ಅಪಾಯ.

ಕುರಿಗಾಹಿಯ ತಟ್ಟುವಿಗೆ ಈ ಕಟ್ಟಳೆಗಳನ್ನು ಯಾರೂ ಕಲಿಸಬೇಕಾಗಿಲ್ಲ; ದೂರದ ನಡಿಗೆಯೂ ಬಡ ಮೇವೂ ಅದನ್ನು ಕಾಯುತ್ತಿವೆ. ಅದನ್ನು ಅಕ್ಕರೆಯಿಂದ ಹಿತ್ತಿಲಿಗೆ ತಂದು ಕಟ್ಟಿದ ನಾವು, ಆ ಕಾವಲನ್ನೂ ನಮ್ಮ ಕೈಗೆ ತೆಗೆದುಕೊಳ್ಳಬೇಕಾಗಿದೆ.