ಸವಾರನ ಮೈಗೆ ಒಪ್ಪುವ ಮೋಟಾರು ಸೈಕಲ್ಲು

ಅಂಗಿ ಹೊಲಿಸುವಾಗ ದರ್ಜಿಗೆ ಅಳತೆ ಕೊಡುವ ನಮ್ಮ ಜನ, ಮೋಟಾರು ಸೈಕಲ್ಲನ್ನು ಮಾತ್ರ ಅಂಗಡಿಯಲ್ಲಿ ನಿಂತಿದ್ದಂತೆಯೇ ಮನೆಗೆ ತಂದು, ಅದರ ಅಳತೆಗೆ ತಮ್ಮ ಮೈಯನ್ನು ಬಗ್ಗಿಸಿಕೊಳ್ಳುತ್ತಾರೆ. ಇದರ ಫಲವೇನೆಂಬುದು, ಬೆಳಗಿನ ಜಾವ ಡೊಂಬಿವಲಿಯಿಂದ ಶೀಳ್ ಫಾಟಾದ ಮಾರ್ಗವಾಗಿ ವಾಶಿಯ ಸಗಟು ಮಾರುಕಟ್ಟೆಗೆ ಹೋಗಿಬರುವ ನಮ್ಮ ಹೋಟೆಲು ಬಂಧುಗಳಿಗೆ ತಿಳಿಯದ್ದಲ್ಲ. ಮಣಿಕಟ್ಟು ಜೋಮು ಹಿಡಿಯುವುದನ್ನೂ ಸೊಂಟ ನೋಯುವುದನ್ನೂ ಹೇಗೋ ಸಹಿಸಬಹುದು. ಆದರೆ ಮಳೆಗಾಲದ ಹೊಂಡದ ಅಂಚಿನಲ್ಲಿ ಗಾಡಿ ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕದೆ, ಪಕ್ಕದಲ್ಲಿ ಸಾಗುವ ಲಾರಿಯ ಕಡೆಗೆ ವಾಲಿದವನ ಗತಿಯೇನು?

ಈಗಿನ ಬುಲೆಟ್ 350 ಗಾಡಿಯ ಸೀಟು ನೆಲದಿಂದ 805 ಮಿಲಿಮೀಟರು ಎತ್ತರ, ತೂಕ 195 ಕಿಲೋ. ಸ್ಪ್ಲೆಂಡರಿನ ಸೀಟು 785 ಮಿಲಿಮೀಟರು, ತೂಕ 112 ಕಿಲೋ. ಎತ್ತರದಲ್ಲಿ ಒಂದು ಅಂಗುಲವೂ ವ್ಯತ್ಯಾಸವಿಲ್ಲ. ಆದರೂ ಗಿಡ್ಡ ಸವಾರನಿಗೆ ಬುಲೆಟ್ ಬೆಟ್ಟದಂತೆ ತೋರುವುದಕ್ಕೆ ಭಾರದೊಡನೆ ಸೀಟಿನ ಅಗಲವೂ ಕಾರಣ. ಅಗಲವಾದ ಸೀಟು ತೊಡೆಗಳನ್ನು ಹೊರಗೆ ಚಾಚಿಸುತ್ತದೆ, ಕಾಲು ನೇರವಾಗಿ ಇಳಿಯದು. ಆದುದರಿಂದ ಸೀಟು ಹೊಲಿಯುವವರ ಬಳಿಗೆ ಹೋದಾಗ, ಮುಂಭಾಗದ ಎರಡು ಅಂಚುಗಳಲ್ಲಿ ಸ್ಪಂಜು ಕೆತ್ತಿಸಿರೆಂದು ನಾವು ಹೇಳುತ್ತೇವೆ. ಕೂರುವ ಜಾಗದ ಸ್ಪಂಜನ್ನೇ ತೆಳ್ಳಗೆ ಮಾಡಿಸಿದರೆ, ಘೋಡಬಂದರ್ ರಸ್ತೆಯ ಪ್ರತಿಯೊಂದು ಕುಲುಕೂ ನೇರವಾಗಿ ಬೆನ್ನೆಲುಬಿಗೆ ತಲುಪುತ್ತದೆ.

ಉಳಿದ ಕೆಲಸಕ್ಕೆ ಮನೆಯ ಅಂಗಳವೂ ಎರಡು ಸ್ಪ್ಯಾನರುಗಳೂ ಸಾಕು. ಹ್ಯಾಂಡಲ್ಲನ್ನು ಬಿಗಿದಿರುವ ಬೋಲ್ಟುಗಳನ್ನು ಸಡಿಲಿಸಿ, ಭುಜ ಸೆಟೆಯದೆ ಮೊಣಕೈ ಕೊಂಚ ಬಾಗಿರುವಷ್ಟು ಅದನ್ನು ತಿರುಗಿಸಬೇಕು. ಕ್ಲಚ್ಚು ಮತ್ತು ಬ್ರೇಕಿನ ಹಿಡಿಗಳು, ಚಾಚಿದ ಬೆರಳುಗಳು ಮುಂಗೈಯ ನೇರದಲ್ಲಿಯೇ ಇರುವಂತೆ ನಿಲ್ಲಬೇಕು. ಮಣಿಕಟ್ಟಿನ ನೋವಿಗೆ ಬಹುಮಟ್ಟಿಗೆ ಇದೇ ಮದ್ದು. ಬಿಗಿದ ಬಳಿಕ ಇಂಜಿನು ಚಾಲೂ ಮಾಡಿ, ಹ್ಯಾಂಡಲ್ಲನ್ನು ಎಡಬಲಗಳ ಕೊನೆಯವರೆಗೂ ತಿರುಗಿಸಿ ನೋಡತಕ್ಕದ್ದು. ಆಗ ಇಂಜಿನಿನ ಸದ್ದು ಏರಿದರೆ ಕೇಬಲ್ಲು ಎಳೆಯುತ್ತಿದೆಯೆಂದು ಅರ್ಥ. ಹಾಗೆಯೇ ರಸ್ತೆಗೆ ಇಳಿಯಕೂಡದು.

ಗೇರಿನ ಲಿವರು ಹಲ್ಲುಳ್ಳ ದಂಡದ ಮೇಲೆ ಕೂತಿರುವ ಗಾಡಿಗಳಲ್ಲಿ ಅದನ್ನು ಒಂದು ಹಲ್ಲು ಮೇಲೋ ಕೆಳಗೋ ಸರಿಸಿದರೆ, ದೊಡ್ಡ ಪಾದದವನಿಗೂ ದಪ್ಪ ಬೂಟಿನವನಿಗೂ ಅನುಕೂಲವಾಗುತ್ತದೆ. (ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳಲ್ಲಿ ಕಿಕ್ಕೂ ಗೇರೂ ಒಂದೇ ಲಿವರು, ಅದನ್ನು ಅಲುಗಿಸದಿರುವುದೇ ಲೇಸು.) ಹಿಂದಿನ ಬ್ರೇಕಿನ ಪೆಡಲನ್ನು ಸರಿಸಿದವರು ಬ್ರೇಕಿನ ದೀಪ ಹೊತ್ತುವುದೇ, ಕಾಲು ತೆಗೆದೊಡನೆ ಚಕ್ರ ಸರಾಗವಾಗಿ ತಿರುಗುವುದೇ ಎಂದು ಪರೀಕ್ಷಿಸಲೇಬೇಕು. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳ ಮೆಟ್ಟಿಲುಗಳನ್ನು ಸವಾರನ ಭಾರಕ್ಕೆ ತಕ್ಕಂತೆ ಇಡಬಹುದು. ಎರಡೂ ಕಡೆ ಒಂದೇ ಮೆಟ್ಟಿಲು ಇರಬೇಕು. ಆದರೆ ಗಾಡಿ ತಗ್ಗಲೆಂದು ಅವನ್ನು ಬದಲಿಸಿ ಗಿಡ್ಡದವನ್ನು ಹಾಕಿಸುವುದು ನಮಗೆ ಸಮ್ಮತವಲ್ಲ. ತಗ್ಗಿದ ಗಾಡಿಯ ಹೊಟ್ಟೆ ವೇಗತಡೆಗೆ ಉಜ್ಜುತ್ತದೆ. ಪಕ್ಕದ ಸ್ಟ್ಯಾಂಡು ಉದ್ದವಾಗಿ, ನಿಲ್ಲಿಸಿದ ಗಾಡಿ ಮತ್ತೊಂದು ಬದಿಗೆ ಉರುಳುತ್ತದೆ.

ಕಾನೂನಿನ ಮೇರೆಯನ್ನೂ ಅರಿತಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತಹ ಮಾರ್ಪಾಡು ನಿಷಿದ್ಧ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಿದೆ. ಸ್ಪಂಜು ಕೆತ್ತಿಸಿದ್ದಕ್ಕೂ ಇದ್ದ ಹ್ಯಾಂಡಲ್ಲನ್ನೇ ತಿರುಗಿಸಿದ್ದಕ್ಕೂ ಈ ಭಯವಿಲ್ಲ. ಇಂಜಿನು, ಚೌಕಟ್ಟುಗಳಿಗೆ ಕೈಹಚ್ಚುವವರು ಎಚ್ಚರದಿಂದಿರತಕ್ಕದ್ದು.

ಇದೇ ಕಾಯಿದೆಯು ಅಂಗವಿಕಲರಿಗೆ ಬಾಗಿಲು ತೆರೆದಿಟ್ಟಿದೆ ಎಂಬುದನ್ನು ಬಹಳ ಜನ ಅರಿಯರು. ಪೋಲಿಯೋದಿಂದ ಕಾಲು ಸೋತವನು ಪಕ್ಕದ ಚಕ್ರಗಳನ್ನು ಜೋಡಿಸಿಕೊಂಡರೆ, ಅದು ನಿಯಮದಂತೆ ಮಂಜೂರಾಗಿ ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ನಂಬರು ಫಲಕದಲ್ಲಿ ಎಂಎಚ್ 04 ಇದ್ದವರಿಗೆ ಠಾಣೆ, 05 ಇದ್ದವರಿಗೆ ಕಲ್ಯಾಣ, 43 ಇದ್ದವರಿಗೆ ನವಿ ಮುಂಬಯಿಯ ಆರ್.ಟಿ.ಓ. ಕಚೇರಿ. ಚಕ್ರ ಜೋಡಿಸುವ ಮೊದಲೇ ಅಲ್ಲಿ ವಿಚಾರಿಸುವುದು ಒಳ್ಳೆಯದು. ಬೆಸುಗೆ ಹಾಕಿಸಿದ್ದನ್ನು ಕೀಳಿಸುವುದಕ್ಕೂ ಹಣ ತೆರಬೇಕಾಗುತ್ತದೆ.