ಮಕ್ಕಳೊಡನೆ ಅಮಲಿನ ಮಾತು: ಬೈಯುವ ಮೊದಲು, ಬಚ್ಚಿಡುವ ಮೊದಲು



ಚೆಂಬೂರು ಸ್ಟೇಷನ್ನಿನಿಂದ ನಿಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲಿ ಎಷ್ಟು ಪಾನ್ ಟಪರಿಗಳಿವೆ, ಹೇಳಿ ನೋಡೋಣ? ನಿಮಗೆ ಲೆಕ್ಕ ಸಿಗಲಿಕ್ಕಿಲ್ಲ. ಟ್ಯೂಷನ್ನಿಗೆ ಹೋಗಿಬರುವ ನಿಮ್ಮ ಮಗನಿಗೋ ಮಗಳಿಗೋ ಅದು ಗೊತ್ತಿರುತ್ತದೆ. ಯಾವ ಟಪರಿಯವನು ವಯಸ್ಸು ಕೇಳುವುದಿಲ್ಲ ಎಂಬುದೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಕಾನೂನು ಇಲ್ಲ ಎಂದಲ್ಲ. 2003ರ ಕಾಯ್ದೆಯ ಪ್ರಕಾರ 18 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ, 2020ರಿಂದ ಬಿಡಿ ಸಿಗರೇಟು ಮಾರಾಟಕ್ಕೂ ನಿಷೇಧವಿದೆ. ಆದರೂ ಸಿಗುತ್ತದೆ. ಹಾಗಾಗಿ ಕಾನೂನಿನ ಮೇಲೆ ಭಾರ ಹಾಕಿ ನಾವು ಸುಮ್ಮನೆ ಕೂರುವಂತಿಲ್ಲ.

ಮುಂಬಯಿ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ, ಅದು ಭಾಷೆಯದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಮೆಟ್ಟಿಲಿಳಿದ ಕೂಡಲೇ ಹಿಂದಿ, ಮರಾಠಿ. ಅಮಲಿನ ಶಬ್ದಗಳೆಲ್ಲ ಮೆಟ್ಟಿಲಿನ ಕೆಳಗಿನವು: ಸುಟ್ಟಾ, ಮಾಲ್, ಗರ್ದ್, ಎಂ.ಡಿ. ನಮ್ಮಲ್ಲಿರುವುದು 'ಮಾದಕ ದ್ರವ್ಯ' ಎಂಬ ಶಬ್ದ. ವಾರ್ತೆ ಓದುವವರ ಬಾಯಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಊಟದ ಹೊತ್ತಿನಲ್ಲಿ ಮಗನ ಮುಂದೆ ಅಂದರೆ ಅವನು ನಕ್ಕು ಎದ್ದು ಹೋಗುತ್ತಾನೆ.

ಆದ್ದರಿಂದ ಮೊದಲು ಶಬ್ದಗಳನ್ನು ನಾವು ಕಲಿಯೋಣ. ಗರ್ದ್ ಎಂದರೆ ಬ್ರೌನ್ ಶುಗರ್, ಕಲಬೆರಕೆಯ ಹೆರಾಯಿನ್. 1980ರ ದಶಕದಲ್ಲಿ ಮುಂಬಯಿ, ಪುಣೆಗಳನ್ನು ನಡುಗಿಸಿದ್ದು ಇದೇ. ಮರಾಠಿ ಲೇಖಕ ಅನಿಲ್ ಅವಚಟ್ ಅದರ ಬಗ್ಗೆ ಬರೆದರು. ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಪುಣೆಯಲ್ಲಿ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಎಂ.ಡಿ. ಎಂದರೆ ಮೆಫೆಡ್ರೋನ್, 'ಮ್ಯಾವ್ ಮ್ಯಾವ್' ಎಂದೂ ಕರೆಯುತ್ತಾರೆ. ಹೆಸರು ಕೇಳಿದರೆ ಬೆಕ್ಕಿನ ಮರಿ, ಕೆಲಸ ಮಾತ್ರ ಹುಲಿಯದು. 2015ರಲ್ಲಷ್ಟೇ ಇದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದರು. 2019ರಲ್ಲಿ ದೇಶದಾದ್ಯಂತ ನಿಷೇಧವಾದ ಇ-ಸಿಗರೇಟು ಪೆನ್ನಿನಂತೆಯೂ ಪೆನ್ ಡ್ರೈವಿನಂತೆಯೂ ಕಾಣುತ್ತದೆ, ದಫ್ತರದಲ್ಲಿದ್ದರೆ ಗೊತ್ತೇ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಮಾತ್ರ ಸ್ಟೇಷನರಿ ಅಂಗಡಿಯ ಸರಕಿಗೆ: ವೈಟ್ನರ್, ಥಿನ್ನರ್, ಅಂಟು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡುಬಂದ ಚಟ ಇದೊಂದೇ. ದೊಡ್ಡವರಲ್ಲಿ ಶೇ. 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.17. ಈ ಆವಿ ಮೂಸುವುದರಿಂದ ಹೃದಯದ ಬಡಿತದ ಲಯ ತಪ್ಪಬಹುದು. ಮೊದಲ ಸಲವೇ ಜೀವ ಹೋಗಬಹುದು. ಮೂಸಿದ ಹುಡುಗ ಹೆದರಿ ಓಡಿದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಮಗು ಮೂಸುತ್ತಿರುವುದನ್ನು ಕಂಡರೆ ಕಿರುಚಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ಹತ್ತಿರ ಹೋಗಿ ಡಬ್ಬಿ ತೆಗೆದಿಡಿ, ಕಿಟಕಿ ತೆರೆಯಿರಿ, ಕೂರಿಸಿ. ಬೈಗುಳ ನಾಳೆಗಿರಲಿ.

ಯಾವ ವಯಸ್ಸಿನಲ್ಲಿ ಮಾತು ಶುರು ಮಾಡಬೇಕು? ಆರೇಳು ವರ್ಷದ ಮಗುವಿಗೆ ಅಮ್ಮ ಅಪ್ಪ ಕೊಡದ ಮಾತ್ರೆ ನುಂಗಬಾರದು ಎಂದರೆ ಸಾಕು. ಹತ್ತು ದಾಟಿದವರಿಗೆ ತಂಬಾಕು, ವೈಟ್ನರ್ ವಿಷಯ ಬಿಡಿಸಿ ಹೇಳಬೇಕು. ಹೇಳುವಾಗ ಉತ್ಪ್ರೇಕ್ಷೆ ಬೇಡ. 'ಒಂದು ದಮ್ ಎಳೆದರೆ ಸತ್ತೇ ಹೋಗ್ತೀಯ' ಎಂದು ನೀವು ಅಂದಿರುತ್ತೀರಿ. ಮರುದಿನವೇ ಸಿಗರೇಟು ಸೇದಿ ಕ್ರಿಕೆಟ್ ಆಡುವ ಹನ್ನೊಂದನೇ ಕ್ಲಾಸಿನ ಅಣ್ಣನನ್ನು ಅವನು ನೋಡುತ್ತಾನೆ. ಆಮೇಲೆ ವೈಟ್ನರ್ ಬಗ್ಗೆ ನೀವು ಹೇಳಿದ ನಿಜವನ್ನೂ ನಂಬುವುದಿಲ್ಲ.

ಮನೆಯೊಳಗೂ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು. 'ಮಗಾ, ಮಾವನಿಗೊಂದು ಪ್ಯಾಕೆಟ್ ತಂದುಕೊಡು' ಎಂದು ಅಂಗಡಿಗೆ ಅಟ್ಟುವವರು ನಾವೇ ಅಲ್ಲವೇ? ಅಜ್ಜಿಯ ಎಲೆಪೆಟ್ಟಿಗೆಯಲ್ಲಿ ಹೊಗೆಸೊಪ್ಪು ಇದ್ದರೆ ಅದೂ ತಂಬಾಕೇ. ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿದೆ. ಊರಿನಲ್ಲಿ ತೋಟವಿರುವ ಕೇಳುಗರಿಗೆ ಈ ಮಾತು ಕಹಿ ಎಂದು ಬಲ್ಲೆವು. ಆದರೆ ಮಕ್ಕಳ ಕೈಗೆ ಸಿಹಿ ಸುಪಾರಿ ಪೊಟ್ಟಣ ಕೊಡದಿದ್ದರೆ ತೋಟಕ್ಕೇನೂ ನಷ್ಟವಾಗದು.

ಇನ್ನು ಒಂದು ಉಪಾಯ. ಹದಿನಾಲ್ಕು ಹದಿನೈದರ ಮಕ್ಕಳಿಗೆ 'ಬೇಡ' ಎನ್ನುವುದಕ್ಕಿಂತ ಗೆಳೆಯರ ಮುಂದೆ 'ಬೇಡ' ಎಂದು ಮುಖ ಕಳೆದುಕೊಳ್ಳುವುದು ಕಷ್ಟ. ಇಲ್ಲಿ ನಮ್ಮ ಕನ್ನಡ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಒಂದು ಸಂಕೇತ ಗೊತ್ತು ಮಾಡಿಕೊಳ್ಳಿ. ಮಗ ಫೋನ್ ಮಾಡಿ 'ಅಮ್ಮಾ, ದೋಸೆಗೆ ಅಕ್ಕಿ ನೆನೆಸಿದ್ಯಾ?' ಎಂದರೆ, ಅವನು ಇರುವ ಜಾಗ ಸರಿಯಿಲ್ಲ ಎಂದರ್ಥ. ಕೂಡಲೇ ನೀವು ಗಟ್ಟಿ ದನಿಯಲ್ಲಿ 'ಎಲ್ಲಿದ್ದೀಯ, ಈಗಲೇ ಮನೆಗೆ ಬಾ' ಎಂದು ಗದರಿಸಬೇಕು. ಕೆಟ್ಟ ಹೆಸರು ನಿಮಗೆ ಬರಲಿ, ಅವನು ಮುಖ ಉಳಿಸಿಕೊಂಡು ಹೊರಟುಬರುತ್ತಾನೆ. ಷರತ್ತು ಒಂದೇ: ಆ ರಾತ್ರಿ ಯಾರಿದ್ದರು, ಏನಿತ್ತು ಎಂದು ವಿಚಾರಣೆ ನಡೆಸುವಂತಿಲ್ಲ. ಒಮ್ಮೆ ನಡೆಸಿದರೆ ಮುಂದಿನ ಸಲ ಫೋನ್ ಬರುವುದಿಲ್ಲ.

ಗೆಳೆಯನೊಬ್ಬ ಪ್ರಜ್ಞೆ ತಪ್ಪಿ ಬಿದ್ದಾಗಲೂ ಮಕ್ಕಳು ದೊಡ್ಡವರನ್ನು ಕರೆಯದಿರುವುದಕ್ಕೆ ಇದೇ ಭಯ ಕಾರಣ. ಇದನ್ನು ಮೊದಲೇ ಹೇಳಿಕೊಡಿ: ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ನಿಂಬೆರಸ, ಮಜ್ಜಿಗೆ ಏನೂ ಹಾಕಬಾರದು, ಒಬ್ಬನೇ ಬಿಟ್ಟು ಹೋಗಬಾರದು, 108ಕ್ಕೆ ಫೋನ್ ಮಾಡಬೇಕು.

ಮಗುವಿಗೆ ಚಟ ಅಂಟಿದೆ ಎಂದು ತಿಳಿದಾಗ ಬಹಳ ಮನೆಗಳಲ್ಲಿ ಮೊದಲು ಬರುವ ಯೋಚನೆ ಪೊಲೀಸರದು, ಎರಡನೆಯದು ಸಮಾಜದವರದು. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆಯ ಅಪರಾಧಕ್ಕೆ ಶಿಕ್ಷೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮು 1985ರ ಮಾದಕ ವಸ್ತುಗಳ ಕಾಯ್ದೆಯಲ್ಲೇ ಇದೆ. ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟವನಿಗಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸಜೆಯಾಗಬಹುದು. ಸಮಾಜದವರ ಬಾಯಿಗೆ ಕಲಮು ಇಲ್ಲ, ಅದನ್ನು ಸಹಿಸಿಕೊಳ್ಳಬೇಕಷ್ಟೆ.

ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮಕ್ಕಳ ಸಹಾಯವಾಣಿ 1098, ಇದನ್ನು ಮಕ್ಕಳೇ ಡಯಲ್ ಮಾಡಬಹುದು. ಇದು 1996ರಲ್ಲಿ ಹುಟ್ಟಿದ್ದು ಚೆಂಬೂರಿನ ಪಕ್ಕದ ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ. ಮನಸ್ಸಿನ ಬೇಗೆಗೆ 2022ರಿಂದ 'ಟೆಲಿ ಮಾನಸ್' ಇದೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಫೋನ್ ಎತ್ತಿದವರ ಹತ್ತಿರ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ, ಆ ಸೌಲಭ್ಯ ಅಲ್ಲಿದೆ.