ಮನೆ ಬಿಟ್ಟರೂ ಸಾಯದ ಕೋಶ

“ನೋವಿಲ್ಲವಲ್ಲ, ಮತ್ತೆ ಡಾಕ್ಟರು ಯಾಕೆ?” ಸ್ತನದಲ್ಲಿ ಗಂಟು ಕೈಗೆ ಸಿಕ್ಕಾಗ ನಮ್ಮ ಎಷ್ಟೋ ಸಹೋದರಿಯರು ಹೇಳುವ ಮಾತಿದು. ನಾಚಿಕೆಯೂ ಸೇರಿ ತಿಂಗಳುಗಳು ಉರುಳುತ್ತವೆ. ಆ ಗಂಟು ಕ್ಯಾನ್ಸರ್ ಆಗಿದ್ದರೆ, ಅಷ್ಟರಲ್ಲಿ ಒಳಗೆ ಏನು ನಡೆದೀತು?

ಕೊಕ್ಕಡದ ತೋಟಗಳಲ್ಲಿ ಅಡಿಕೆ ಮರವನ್ನು ಅಪ್ಪಿಕೊಂಡ ಕಾಳುಮೆಣಸಿನ ಬಳ್ಳಿಯನ್ನು ಬುಡಸಹಿತ ಕಿತ್ತು ಬಿಸಿಲಿಗೆ ಹಾಕಿದರೆ ಬಾಡಿಹೋಗುತ್ತದೆ. ಸ್ತನದಂತಹ ಅಂಗಗಳ ಜೀವಕೋಶಗಳೂ ಹಾಗೆಯೇ. ಹಿಡಿತ ತಪ್ಪಿದರೆ ತಾವಾಗಿಯೇ ಸಾಯುತ್ತವೆ. ಒಂದು ಅಂಗದ ಕೋಶ ಇನ್ನೊಂದರಲ್ಲಿ ಬೇರೂರದಂತೆ ಅಲ್ಲಾಹನು ಮಾಡಿದ ಏರ್ಪಾಡು ಇದು. ಈ ಸಾವಿಗೆ 1994ರಲ್ಲಿ ಅಮೆರಿಕದ ಫ್ರಿಶ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ‘ಅನಾಯ್ಕಿಸ್’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಮನೆಯಿಲ್ಲದಿರುವುದು’ ಎಂದರ್ಥ. ಆದರೆ ಕೆಲವು ಕ್ಯಾನ್ಸರ್ ಕೋಶಗಳು ಮನೆ ಬಿಟ್ಟರೂ ಸಾಯದೆ, ರಕ್ತದಲ್ಲಿ ತೇಲಿ ಮೂಳೆ, ಶ್ವಾಸಕೋಶ, ಯಕೃತ್ತನ್ನು ಸೇರುತ್ತವೆ.

ಇದನ್ನು ಪರೀಕ್ಷಿಸುವ ವಿಧಾನಗಳು ನಮ್ಮ ಅಡುಗೆಮನೆಯನ್ನೇ ನೆನಪಿಸುತ್ತವೆ. ಮೊದಲನೆಯದು, ನಾನ್‌ಸ್ಟಿಕ್ ಕಾವಲಿಯಂತಹ ತಟ್ಟೆ. ‘ಪಾಲಿ ಹೆಮಾ’ ಎಂಬ ಲೇಪನವಿರುವ ಅದರಲ್ಲಿ ಕೋಶಗಳು ಅಂಟಲಾರವು. ತೇಲುತ್ತಲೇ ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಲೆಕ್ಕ ಹಾಕುತ್ತಾರೆ. ಎರಡನೆಯದು, ಪುಡ್ಡಿಂಗ್‌ಗೆ ಬಳಸುವ ಚೈನಾಗ್ರಾಸ್‌ನ ಬಂಧುವಾದ ಅಗರ್. ಮೆದುವಾದ ಅಗರ್‌ನಲ್ಲಿ ಕೋಶಗಳನ್ನು ಬೆರೆಸಿಟ್ಟರೆ ಎರಡು ಮೂರು ವಾರಗಳಲ್ಲಿ ಕ್ಯಾನ್ಸರ್ ಕೋಶಗಳು ಗುಂಪು ಕಟ್ಟುತ್ತವೆ, ಸಹಜ ಕೋಶಗಳು ಬೆಳೆಯುವುದಿಲ್ಲ. ಮೂರನೆಯದು ಜರಡಿ. ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎಂಟು ಭಾಗದಷ್ಟು ಸಣ್ಣ ತೂತುಗಳ ಪರದೆಯ ಕೆಳಗೆ ಪೋಷಕ ದ್ರವವಿಟ್ಟು, ಎಷ್ಟು ಕೋಶಗಳು ನುಸುಳಿದವು ಎಂದು ಎಣಿಸುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಎಂಬ ಮಹಿಳಾ ವಿಜ್ಞಾನಿಯ ತಂಡ ಇದರ ಅಧ್ಯಯನ ನಡೆಸಿದೆ. ಹಿಡಿತ ತಪ್ಪಿದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ‘ಎಎಂಪಿಕೆ’ ಎಂಬ ಕಿಣ್ವ ಚುರುಕಾಗುತ್ತದೆ ಎಂದು ಅದು 2014ರಲ್ಲಿ ಪ್ರಕಟಿಸಿತು. ಶಕ್ತಿ ಕಡಿಮೆಯಾದಾಗ ಕೋಶವನ್ನು ಕಾಪಾಡುವ ಕಿಣ್ವವದು. ಅದನ್ನು ತಡೆದಾಗ ತೇಲುವ ಕೋಶಗಳ ಬೆಳವಣಿಗೆ ಕುಂಠಿತವಾಯಿತು. ಆದರೆ ಸಹಜ ಕೋಶಗಳಿಗೂ ಇದೇ ಕಿಣ್ವ ಬೇಕು. ಆದ್ದರಿಂದ ತಟ್ಟೆಯಲ್ಲಿ ಕಂಡದ್ದು ಔಷಧಿಯಾಗುವ ದಾರಿ ದೂರವಿದೆ.

ಅಲ್ಲಿಯವರೆಗೆ ಸಮಯವೇ ದೊಡ್ಡ ಮದ್ದು. ಕೋಶ ಮನೆ ಬಿಡುವ ಮೊದಲೇ ಸಿಕ್ಕಿಬಿದ್ದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಎಲ್ಲಾ ಗಂಟುಗಳೂ ಕ್ಯಾನ್ಸರ್ ಅಲ್ಲ. ಆದರೂ ಹೊಸ ಗಂಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತ ಕಂಡರೆ ತಡಮಾಡಬೇಡಿ. ಸಂಕೋಚವಿದ್ದರೆ ಮಹಿಳಾ ವೈದ್ಯರನ್ನು ಕೇಳಿ. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರೇ ಕಲಿಸಿದ್ದಾರೆ. ನಾಚಿಕೆ ಈಮಾನಿನ ಭಾಗ, ನಿಜ. ಆದರೆ ಜೀವ ನಮಗೆ ಅಲ್ಲಾಹನು ಕೊಟ್ಟ ಅಮಾನತ್ತು ಎಂಬುದನ್ನು ಮರೆಯದಿರೋಣ.